25 ಕಿಲೋ ಚೀಲ

ಮಳೆಗಾಲದಲ್ಲಿ ನಮ್ಮ ಐರಣಿಯ ಹೊಳೆ ಕೆಂಪಗೆ ಹರಿಯುತ್ತದೆ. ಆ ದಿನಗಳಲ್ಲಿ ಮನೆಯ ಟಾಕಿಯ ನೀರು ಕುಡಿಯಲು ನನಗೆ ಧೈರ್ಯ ಸಾಲದು. ಒಂದು ಆಷಾಢದಲ್ಲಿ ಮಗಳು ವಾಂತಿ-ಭೇದಿಯಿಂದ ಎರಡು ದಿನ ನರಳಿದಳು. ಅವಳು ಎದ್ದು ಕೂತ ಮರುದಿನವೇ ರಾಣೆಬೆನ್ನೂರಿಗೆ ಹೋಗಿ ಬ್ಲೀಚಿಂಗ್ ಪೌಡರಿನ 25 ಕಿಲೋ ಚೀಲ ಹೊತ್ತು ತಂದೆ. ಬಿಡಿಯಾಗಿ ಕೊಳ್ಳುವುದಕ್ಕಿಂತ ಚೀಲವೇ ಅಗ್ಗವಾಗಿತ್ತು.

ಅದನ್ನಿಟ್ಟದ್ದು ಹಿತ್ತಲ ಕೋಣೆಯಲ್ಲಿ. ಅಲ್ಲೇ ಯೂರಿಯಾ ಚೀಲ, ಆಯಿಲ್ ಡಬ್ಬಿ, ಪಾಯಖಾನೆ ತೊಳೆಯುವ ಆ್ಯಸಿಡ್ ಬಾಟಲಿ. ಕೆಲವು ತಿಂಗಳಲ್ಲಿ ಕುಡಗೋಲಿನ ಅಲಗು, ಬಾಗಿಲ ಚಿಲಕ, ಗೋಡೆಗೆ ತೂಗುಹಾಕಿದ್ದ ಪಂಪಿನ ಸ್ಟಾರ್ಟರ್ ಡಬ್ಬಿ, ಎಲ್ಲಕ್ಕೂ ತುಕ್ಕು ಹತ್ತಿತು. ಮಳೆಯ ಥಂಡಿ ಎಂದುಕೊಂಡೆ. ನಿಜಕ್ಕೂ ಬಾಯಿ ಬಿಚ್ಚಿದ ಚೀಲದಿಂದ ದಿನವೂ ಇಷ್ಟಿಷ್ಟೇ ಹೊರಬಿದ್ದ ಕ್ಲೋರಿನ್ ಕಬ್ಬಿಣವನ್ನು ತಿನ್ನುತ್ತಿತ್ತು. ಆ ತುಕ್ಕು ನನಗೆ ಆಗಲೇ ಅರ್ಥವಾಗಬೇಕಿತ್ತು.

ಮರುವರ್ಷದ ಶ್ರಾವಣ. ಬಚ್ಚಲ ಕಲ್ಲಿನ ಪಾಚಿ ಹೋಗಲೆಂದು ಬೆಳಿಗ್ಗೆ ಪೌಡರ್ ಉದುರಿಸಿ ಹೊಲಕ್ಕೆ ಹೋದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹಬ್ಬಕ್ಕೆ ಮನೆ ತೊಳೆಯುತ್ತಿದ್ದ ನನ್ನ ಹೆಂಡತಿ ಅದೇ ಕಲ್ಲಿನ ಮೇಲೆ ಆ್ಯಸಿಡ್ ಸುರಿದು, ಬಗ್ಗಿ ಬ್ರಶ್ ಹಚ್ಚಿದ್ದಾಳೆ. ಮಗಳು ಹೊಲದವರೆಗೂ ಓಡಿ ಬಂದಳು. "ಅಪ್ಪಾ, ಅವ್ವಗ ಉಸಿರ ಬರವಲ್ದು, ಲಗೂನ ಬಾ!"

ನಾನು ಮುಟ್ಟುವಷ್ಟರಲ್ಲಿ ಪಕ್ಕದ ಮನೆಯವರು ಅವಳನ್ನು ಹೊರಗೆಳೆದು ಕಟ್ಟೆಯ ಮೇಲೆ ಕೂರಿಸಿದ್ದರು. ಕಣ್ಣು ಕೆಂಡ, ಕೆಮ್ಮು ನಿಲ್ಲದು. ತಂಬಿಗೆ ತಂಬಿಗೆ ನೀರು ಹಾಕಿ ಕಣ್ಣು ತೊಳೆದು ರಾಣೆಬೆನ್ನೂರಿನ ಆಸ್ಪತ್ರೆಗೆ ಒಯ್ದೆವು. ಆಗ ಸುಧಾರಿಸಿದಂತೆ ಕಂಡರೂ ಕೆಲವು ತಾಸಿನ ಮೇಲೆ ಪುಪ್ಪುಸದಲ್ಲಿ ನೀರು ತುಂಬಬಹುದೆಂದು ಒಂದು ರಾತ್ರಿ ಇಟ್ಟುಕೊಂಡರು. ಆ ರಾತ್ರಿ ಅವಳು ಆಡಿದ್ದು ಒಂದೇ ಮಾತು: "ಪೌಡರ್ ಹಾಕೀನಿ ಅಂತ ಹೇಳಿದ್ರ ನಾ ಸುರೀತಿದ್ನೇನ್ರೀ?"

ಪೌಡರಿನಲ್ಲಿ ಸುಣ್ಣಕ್ಕೆ ಕಟ್ಟುಬಿದ್ದ ಕ್ಲೋರಿನ್, ಆ್ಯಸಿಡ್ ತಗುಲಿದೊಡನೆ ಗಾಳಿಯಾಗಿ ಏಳುತ್ತದೆ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಹಾಗಾಗಿ ತಗ್ಗಿನಲ್ಲೇ ಕೂರುತ್ತದೆ. 1915ರಲ್ಲಿ, ಮೊದಲ ಮಹಾಯುದ್ಧದ ಇಪ್ರ್ ರಣರಂಗದಲ್ಲಿ ಕಂದಕದೊಳಗಿದ್ದ ಸೈನಿಕರನ್ನು ಕೊಂದದ್ದು ಇದೇ ಗಾಳಿ. ನಮ್ಮ ಬಚ್ಚಲೂ ತಗ್ಗು, ಅವಳೂ ಬಗ್ಗಿದ್ದಳು. ಪೌಡರ್ ಯೂರಿಯಾ ಜೊತೆ ಬೆರೆತರೆ ಇನ್ನೂ ಕೆಟ್ಟದ್ದು, ಸಿಡಿಯುವ ಪದಾರ್ಥವೇ ಹುಟ್ಟಬಹುದು. ಎಣ್ಣೆ ತಾಕಿದರೆ ಬೆಂಕಿಯೂ ಹತ್ತಬಹುದು. ಆ್ಯಸಿಡ್, ಯೂರಿಯಾ, ಎಣ್ಣೆ ಮೂರನ್ನೂ ನಾನು ಪೌಡರಿನ ಜೊತೆ ಒಂದೇ ಕೋಣೆಯಲ್ಲಿ ಒತ್ತಟ್ಟಿಗೆ ಪೇರಿಸಿದ್ದೆ.

ಬೆಂಗಳೂರಿನಲ್ಲಿ ಈಜುಕೊಳ ನೋಡಿಕೊಳ್ಳುವ ತಮ್ಮನ ಮಗ ಸುದ್ದಿ ಕೇಳಿ ಬಂದ. ಕೊಳದ ಮನೆಗಳಲ್ಲೂ ಇದೇ ಜೋಡಿ ಇರುತ್ತದಂತೆ: ನೀರು ಶುದ್ಧಿಗೆ ಕ್ಲೋರಿನ್, ಕ್ಷಾರ ಇಳಿಸಲು ಆ್ಯಸಿಡ್. ಎರಡಕ್ಕೂ ಬೇರೆ ಬೇರೆ ಕೋಣೆ. ಕ್ಲೋರಿನ್ನಿನ ಪುಡಿ ಒಂದು ಬಗೆ, ನಿಧಾನಕ್ಕೆ ಕರಗುವ ಬಿಲ್ಲೆ ಇನ್ನೊಂದು ಬಗೆ. ಅವೆರಡಕ್ಕೂ ಒಂದೇ ಚಮಚ ಬಳಸುವಂತಿಲ್ಲ. ಪುಡಿಯನ್ನು ನೀರಿಗೆ ಹಾಕಬೇಕು, ಪುಡಿಯ ಮೇಲೆ ನೀರು ಸುರಿಯಬಾರದು.

ನನ್ನನ್ನು ತಡೆದು ನಿಲ್ಲಿಸಿದ್ದು ಅವನು ಕೇಳಿದ ಪ್ರಶ್ನೆ. "ದೊಡ್ಡಪ್ಪಾ, ನಿಮ್ಮ ಟಾಕಿಗೆ ಎಷ್ಟು ಬೇಕು?" ಒಳ್ಳೆಯ ಪೌಡರಾದರೆ 1000 ಲೀಟರಿಗೆ ಸುಮಾರು 2.5 ಗ್ರಾಂ. ನಮ್ಮದು 2000 ಲೀಟರಿನ ಟಾಕಿ, ಎರಡು ದಿನಕ್ಕೊಮ್ಮೆ ತುಂಬುತ್ತದೆ, ಅಂದರೆ 5 ಗ್ರಾಂ. ಕಾಗದದ ಮೇಲೆ ಲೆಕ್ಕ ಹಾಕಿದೆವು: ನಾನು ತಂದ ಚೀಲ 27 ವರ್ಷಕ್ಕಾಗುವಷ್ಟಿತ್ತು! ಅದರ ಶಕ್ತಿಯಾದರೋ ತಿಂಗಳು ತಿಂಗಳಿಗೆ ಕುಗ್ಗುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಅಗ್ಗದ ಆಸೆಗೆ ನಾನು ಮನೆಯೊಳಗೆ ತಂದಿಟ್ಟುಕೊಂಡದ್ದು ಬಳಸಲಾಗದಷ್ಟು ವಿಷ.

ಉಳಿದ ಚೀಲವನ್ನು ಹೊಳೆಗೆ ಸುರಿದರೆ ಮೀನು ಸಾಯುತ್ತವೆ. ಊರಿಗೆ ನೀರು ಬಿಡುವವರಿಗೆ ಒಪ್ಪಿಸಿದೆ. ಈಗ ಮನೆಯಲ್ಲಿರುವುದು ಅರ್ಧ ಕಿಲೋ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬಿಸಿಲು ತಾಕದ ಮೂಲೆಯ ಕಲ್ಲು ಹಲಗೆಯ ಮೇಲೆ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ. ಒಣಗಿದ ಪ್ಲಾಸ್ಟಿಕ್ ಚಮಚ ಅದಕ್ಕೇ ಮೀಸಲು. ಬಕೆಟ್ ನೀರಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನಷ್ಟೇ ಟಾಕಿಗೆ ಹಾಕುತ್ತೇನೆ. ಒಂದು ತಾಸು ಕಳೆಯುವ ತನಕ ಯಾರೂ ಆ ನೀರು ಕುಡಿಯುವುದಿಲ್ಲ. ಆ್ಯಸಿಡ್ ಬಾಟಲಿ ಮನೆಗೆ ಬರುವುದನ್ನೇ ನಿಲ್ಲಿಸಿದ್ದೇವೆ.

ಬಚ್ಚಲಿಗೆ ಪೌಡರ್ ಹಾಕಿದ ದಿನ ಬಾಗಿಲ ಮೇಲೆ ಸುಣ್ಣದಿಂದ ಒಂದು ಗೆರೆ ಎಳೆಯುತ್ತೇನೆ. ನೀರು ಹೊಡೆದು ತೊಳೆದ ಮೇಲೆ ಅವಳೇ ಅದನ್ನು ಒರೆಸುತ್ತಾಳೆ.