ಮೂರು ಬೆರಳು ಕಮ್ಮಿ: ಚಿಕ್ಕ ಮಕ್ಕಳನ್ನು ಥೀಮ್ ಪಾರ್ಕಿಗೆ ಕರೆದೊಯ್ಯುವ ಮುನ್ನ

ಬಣ್ಣದ ಹಲಗೆಯ ಮುಂದೆ ನಮ್ಮ ಮಗಳು ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದಳು. ಹಲಗೆಯ ಮೇಲೊಂದು ಜಿರಾಫೆ, ಅದರ ಕತ್ತಿನ ಪಕ್ಕದಲ್ಲಿ ಕೆಂಪು ಗೆರೆ. ಗೆರೆಗೂ ಅವಳ ನೆತ್ತಿಗೂ ನಡುವೆ ಮೂರು ಬೆರಳಿನಷ್ಟು ಜಾಗ. ಅವಳು ಮೆಲ್ಲಗೆ ಹಿಮ್ಮಡಿ ಎತ್ತಿದಳು, ಎರಡು ಬೆರಳಾಯಿತು. ಅಲ್ಲಿದ್ದ ಸಿಬ್ಬಂದಿ ಹುಡುಗಿ ನಗುತ್ತಲೇ ಅವಳ ಭುಜ ಒತ್ತಿ, "ಮುಂದಿನ ವರ್ಷ ಬಾ ಪುಟ್ಟಾ" ಅಂದಳು. ನಲವತ್ತು ನಿಮಿಷ ಬಿಸಿಲಲ್ಲಿ ಸರದಿ ಕಾದು ಬಂದ ಆರು ವರ್ಷದವಳಿಗೆ ಮುಂದಿನ ವರ್ಷ ಎಂದರೆ ಯಾವ ಲೆಕ್ಕ? ಅಳು ಶುರುವಾಯಿತು. ಒಂಬತ್ತು ವರ್ಷದ ಅಣ್ಣ ಅಷ್ಟರಲ್ಲಿ ಗೇಟು ದಾಟಿ ಸೀಟು ಹಿಡಿದಿದ್ದ.

ಆ ಹುಡುಗಿಯದೇನೂ ತಪ್ಪಿಲ್ಲ. ಒಂದು ವಾರದಿಂದ ಫೋನಿನಲ್ಲಿ ಆ ಆಟದ ವಿಡಿಯೊ ತೋರಿಸಿ ಆಸೆ ಹುಟ್ಟಿಸಿದ್ದು ನಾನು. ಆಮೇಲೆ ಇನ್ನೂ ಮೂರು ಸಲ ಬೇರೆ ಬೇರೆ ಪಾರ್ಕುಗಳಿಗೆ ಹೋಗಿ ಬಂದಿದ್ದೇವೆ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು ಯಾರೋ ಅವರ ಅಳತೆಗೆ ದಿನವನ್ನು ಕತ್ತರಿಸಿಕೊಳ್ಳಬೇಕು ಅನ್ನುವುದು ಅರ್ಥವಾಗಲು ನಮಗೆ ಅಷ್ಟು ಟಿಕೆಟ್ ಖರ್ಚಾಯಿತು. ಆ ದಾರಿಯಲ್ಲಿ ಕಲಿತದ್ದು ಇಲ್ಲಿದೆ.

ಮೊದಲು ಬಾಗಿಲಿಗೆ ಆನಿಸಿ ನಿಲ್ಲಿಸಿ

ನಮ್ಮ ಕಡೆಯ ದೊಡ್ಡ ಪಾರ್ಕುಗಳಲ್ಲಿ ಮಗುವಿನ ವಯಸ್ಸನ್ನು ಕೇಳುವುದಿಲ್ಲ, ಎತ್ತರ ನೋಡುತ್ತಾರೆ. ಬಿಡದಿಯ ವಂಡರ್‌ಲಾದಲ್ಲಿ 85 ಸೆಂ.ಮೀ. ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಅಲ್ಲಿಂದ 140 ಸೆಂ.ಮೀ. ವರೆಗೆ ಮಕ್ಕಳ ಟಿಕೆಟ್, ಅದಕ್ಕೂ ಮೇಲಿದ್ದರೆ ದೊಡ್ಡವರ ದರ. ರೋಮಾಂಚಕ ಆಟಗಳಲ್ಲಿ ಹಲವಕ್ಕೆ ಇದೇ 140 ಗಡಿ. ಸಾಮಾನ್ಯ ಬೆಳವಣಿಗೆಯ ಮಗು ಐದು ವರ್ಷಕ್ಕೆ ಸುಮಾರು 110 ಸೆಂ.ಮೀ., ಏಳಕ್ಕೆ 120ರ ಆಸುಪಾಸು ಇರುತ್ತದೆ. 140 ಮುಟ್ಟುವ ಹೊತ್ತಿಗೆ ಹತ್ತು ವರ್ಷ ದಾಟಿರುತ್ತದೆ. ಅಂದರೆ ಒಂದನೇ ಕ್ಲಾಸಿನ ಮಗುವಿಗೆ ದೊಡ್ಡ ರೋಲರ್ ಕೋಸ್ಟರ್ ಇನ್ನೂ ನಾಲ್ಕು ವರ್ಷ ದೂರ. ಇದನ್ನು ಮನೆಯಲ್ಲೇ ಹೇಳಿಬಿಟ್ಟರೆ ಒಂದು ಅಳು ಉಳಿಯುತ್ತದೆ.

ಚಪ್ಪಲಿ ಇಲ್ಲದೆ ಮಗುವನ್ನು ಬಾಗಿಲ ಚೌಕಟ್ಟಿಗೆ ಆನಿಸಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕ ಮಟ್ಟವಾಗಿಟ್ಟು ಪೆನ್ಸಿಲ್ ಗುರುತು ಹಾಕಿ, ಟೇಪಿನಲ್ಲಿ ಅಳೆಯಿರಿ. ಆಮೇಲೆ ಪಾರ್ಕಿನ ಜಾಲತಾಣ ತೆರೆದು, ಆ ಎತ್ತರಕ್ಕೆ ಸಿಗುವ ಆಟಗಳನ್ನು ಮಾತ್ರ ಮಗುವಿನ ಜೊತೆ ಕೂತು ಪಟ್ಟಿ ಮಾಡಿ. ವಿಡಿಯೊ ತೋರಿಸುವುದಿದ್ದರೆ ಅವುಗಳದ್ದನ್ನೇ ತೋರಿಸಿ.

ಎತ್ತರದ ವಿಷಯದಲ್ಲಿ ಚೌಕಾಸಿ ಬೇಡ. ಸೀಟಿನ ಅಡ್ಡಕಂಬಿ, ಬೆಲ್ಟು ಎಲ್ಲವೂ ಒಂದು ಅಳತೆಯ ಮೈಗೆ ಹೊಂದುವಂತೆ ಮಾಡಿದವು. ಮೈ ಚಿಕ್ಕದಾದರೆ ಕಂಬಿಯ ಕೆಳಗಿಂದ ಜಾರುವ ಅಪಾಯವಿದೆ. ಆದರೂ ಟಿಕೆಟ್ ಕೌಂಟರಿನ ಮುಂದೆ "ಸ್ವಲ್ಪ ಬಗ್ಗೋ" ಎಂದು ಮಗನ ಭುಜ ಅದುಮಿದ ಅಪ್ಪನೇ, ಅರ್ಧ ಗಂಟೆ ಬಿಟ್ಟು ಆಟದ ಗೇಟಿನಲ್ಲಿ "ನೆಟ್ಟಗೆ ನಿಲ್ಲೋ" ಎಂದು ಗದರುವುದನ್ನು ಕಣ್ಣಾರೆ ನೋಡಿದ್ದೇನೆ. ಆ ಹುಡುಗನಿಗೆ ತಾನು ಉದ್ದವೋ ಗಿಡ್ಡವೋ ಎಂಬುದೇ ಮರೆತುಹೋದಂತಿತ್ತು.

ಯಾವ ದಿನ ಹೋಗಬೇಕು

ಭಾನುವಾರ ಬೇಡ, ದಸರಾ ರಜೆ ಬೇಡ, ಏಪ್ರಿಲ್–ಮೇ ಅಂತೂ ಬೇಡವೇ ಬೇಡ. ವಾರದ ದಿನ ಟಿಕೆಟ್ ದರವೂ ಸಾಮಾನ್ಯವಾಗಿ ಕಡಿಮೆ. ಆದರೆ ನವೆಂಬರಿನಿಂದ ಜನವರಿಯವರೆಗೆ ಶಾಲಾ ಪ್ರವಾಸದ ಕಾಲ. ಬುಧವಾರ ಖಾಲಿ ಇರುತ್ತದೆಂದು ರಜೆ ಹಾಕಿ ಹೋದರೆ, ಹಾಸನದಿಂದಲೋ ತುಮಕೂರಿನಿಂದಲೋ ಬೆಳಗಿನ ಜಾವವೇ ಹೊರಟ ಹತ್ತು ಬಸ್ಸು ನಿಮಗಿಂತ ಮುಂಚೆ ನಿಂತಿರಬಹುದು. ನಮಗೆ ಒದಗಿದ್ದು ಫೆಬ್ರವರಿ ಕೊನೆ. ದೊಡ್ಡ ಮಕ್ಕಳೆಲ್ಲ ಪರೀಕ್ಷೆಗೆ ಓದುತ್ತ ಕೂತಿರುತ್ತಾರೆ. ಬಿಸಿಲಿಗೆ ನೀರೂ ಹಿತ. ಜೂನ್–ಜುಲೈನಲ್ಲಿ ಜನ ಕಡಿಮೆಯೇನೋ ಹೌದು, ಆದರೆ ಬೆಂಗಳೂರಿನ ಆ ಜಿಟಿಜಿಟಿಯಲ್ಲಿ ಮಕ್ಕಳ ಹಲ್ಲು ಕಟಕಟ ಅನ್ನುತ್ತದೆ.

ಸರದಿ ತಪ್ಪಿಸುವ ದುಬಾರಿ ಟಿಕೆಟ್ ಚಿಕ್ಕ ಮಕ್ಕಳಿರುವವರಿಗೆ ದಂಡ. ಅದು ಪ್ರಯೋಜನಕ್ಕೆ ಬರುವುದು ದೊಡ್ಡ ಆಟಗಳಲ್ಲಿ, ಅಲ್ಲಿಗೆ ನೀವು ಹೋಗುವುದೇ ಇಲ್ಲ.

ಇನ್ನೊಂದು ಮಾತು. ಮಗು ನಾಲ್ಕು ವರ್ಷದೊಳಗಿದ್ದರೆ ಸುಮಾರು 82 ಎಕರೆಯ ಬಿಡದಿ ಪಾರ್ಕಿಗಿಂತ ಚಿಕ್ಕ ಜಾಗವೇ ವಾಸಿ. ಮೈಸೂರಿನವರಿಗೆ ಕೆಆರ್‌ಎಸ್ ರಸ್ತೆಯಲ್ಲಿ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ. ಆ ವಯಸ್ಸಿನಲ್ಲಿ ಮಗುವಿಗೆ ಬೇಕಾದದ್ದು ಮೊಣಕಾಲುದ್ದದ ನೀರು, ಸುತ್ತುವ ಒಂದು ಕುದುರೆ, ಅಷ್ಟೆ.

ಚೀಲಕ್ಕೆ ಏನೇನು

ಬಟ್ಟೆಯಿಂದ ಶುರು ಮಾಡೋಣ, ಅಲ್ಲೇ ಹೆಚ್ಚು ಜನ ಎಡವುವುದು. ನೀರಿಗಿಳಿಯಲು ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯೇ ಆಗಬೇಕು. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಜಾರುಬಂಡೆಗೆ ಅಂಟುತ್ತದೆ, ಬಿಟ್ಟ ನೂಲು ಕೊಳದ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ. ಪಾರ್ಕಿನೊಳಗಿನ ಅಂಗಡಿಯಲ್ಲಿ ಕೊಳ್ಳಬಹುದು, ಬೆಲೆ ಚುರುಕಾಗಿರುತ್ತದೆ. ಮಲ್ಲೇಶ್ವರವೋ ಚಿಕ್ಕಪೇಟೆಯೋ, ಊರಲ್ಲೇ ಮುಂಚೆ ಕೊಂಡಿಟ್ಟುಕೊಳ್ಳಿ. ಬಣ್ಣ ಕಣ್ಣಿಗೆ ಹೊಡೆಯುವ ಕಿತ್ತಳೆಯೋ ಗಾಢ ಗುಲಾಬಿಯೋ ಇರಲಿ. ನೀಲಿ ಬೇಡ. ನೀಲಿ ಕೊಳದ ನೀರಿನಲ್ಲಿ ನೀಲಿ ಅಂಗಿಯ ಮಗು ಹತ್ತು ಅಡಿ ದೂರಕ್ಕೇ ಮಾಯ. ತೀರಾ ಚಿಕ್ಕವರಿಗೆ ಈಜಿಗೆಂದೇ ಬರುವ ಡೈಪರ್ ಸಿಗುತ್ತದೆ. ಮಾಮೂಲಿನದ್ದು ನೀರು ಹೀರಿ ಕುಂಬಳಕಾಯಿಯಾಗುತ್ತದೆ.

ಕಾಲಿಗೆ ಪಟ್ಟಿಯಿರುವ ರಬ್ಬರ್ ಸ್ಯಾಂಡಲ್. ಒಂದು ಗಂಟೆಯ ಬಿಸಿಲಿಗೆ ಕಾಂಕ್ರೀಟ್ ನೆಲ ಕಾವಲಿಯಂತೆ ಕಾದಿರುತ್ತದೆ, ಬರಿಗಾಲ ಮಗು ಕುಣಿಯುವುದು ಖುಷಿಗಲ್ಲ. ಇಬ್ಬರಿಗೂ ಎರಡೆರಡು ಜೊತೆ ಒಣಬಟ್ಟೆ, ಒದ್ದೆ ಬಟ್ಟೆಗೆ ಗಟ್ಟಿ ಕವರು, ಟೋಪಿ, ಸನ್‌ಸ್ಕ್ರೀನ್, ಒಂದು ಓಆರ್‌ಎಸ್ ಪೊಟ್ಟಣ. ಪೊಟ್ಟಣ ಮರೆತರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ದಪ್ಪ ಟರ್ಕಿ ಟವೆಲ್ ಹೊರಬೇಡಿ. ಹಳೆಯ ಪಂಚೆಯನ್ನು ನಾಲ್ಕು ತುಂಡು ಮಾಡಿ. ಬೇಗ ಹೀರುತ್ತದೆ, ಬೇಗ ಒಣಗುತ್ತದೆ, ಮಗು ನಿದ್ದೆ ಹೋದರೆ ಹೊದಿಕೆಯೂ ಆಗುತ್ತದೆ. ಇದು ನಮ್ಮಮ್ಮನ ಐಡಿಯಾ.

ದಾರಿಯಲ್ಲಿ ತಟ್ಟೆ ಇಡ್ಲಿ

ಹೊರಗಿನ ಊಟ ತಿಂಡಿಗೆ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಹಸುಗೂಸಿನ ಆಹಾರಕ್ಕೆ ವಿನಾಯಿತಿ ಇದ್ದೀತು, ಫೋನ್ ಮಾಡಿ ಕೇಳಿಕೊಳ್ಳಿ. ಹಾಗಾಗಿ ಬೆಳಗಿನ ತಿಂಡಿಯೇ ಗಟ್ಟಿಯಾಗಬೇಕು. ಬಿಡದಿಗೆ ಹೊರಟವರಿಗೆ ಆ ಚಿಂತೆಯೇ ಇಲ್ಲ. ಆ ಊರಿನ ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಕರಗುವಾಗ ನಮ್ಮ ಮಗಳು ರೋಲರ್ ಕೋಸ್ಟರನ್ನೂ ಮರೆಯುತ್ತಾಳೆ.

ಬೆಂಗಳೂರಿನಿಂದ ವಂಡರ್‌ಲಾಕ್ಕೆ 28 ಕಿ.ಮೀ. ನೇರಳೆ ಮೆಟ್ರೊ 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದವರೆಗೆ ಬಂದಿರುವುದರಿಂದ ಕೆಂಗೇರಿಯ ಟ್ರಾಫಿಕ್ಕನ್ನು ಮೇಲಿಂದಲೇ ದಾಟಿ, ಆಮೇಲೆ ಬಸ್ಸು ಹಿಡಿಯಬಹುದು. ಕಾರಿನವರು ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆ ಸರ್ವಿಸ್ ರಸ್ತೆಗೆ ಎಲ್ಲಿ ಇಳಿಯಬೇಕೆಂದು ಮೊದಲೇ ನೋಡಿಟ್ಟುಕೊಳ್ಳಿ. ತಪ್ಪಿದರೆ ವಾಪಸು ತಿರುಗಲು ಬಹಳ ದೂರ ಹೋಗಬೇಕು. ಬೈಕಿನವರಿಗೂ ಆಟೊದವರಿಗೂ ಸರ್ವಿಸ್ ರಸ್ತೆಯೇ ಗತಿ. 2023ರ ಆಗಸ್ಟಿನಿಂದ ಮುಖ್ಯ ರಸ್ತೆಯಲ್ಲಿ ಅವಕ್ಕೆ ಪ್ರವೇಶವಿಲ್ಲ.

ಗೇಟು ದಾಟಿದ ಮೇಲೆ ಮೊದಲ ಹತ್ತು ನಿಮಿಷ

ಎಲ್ಲರೂ ಓಡುತ್ತಾರೆ. ನೀವು ನಿಲ್ಲಿ.

ಮಕ್ಕಳದೊಂದು ಫೋಟೊ ತೆಗೆಯಿರಿ, ಮುಡಿಯಿಂದ ಅಡಿಯವರೆಗೆ, ಇವತ್ತಿನ ಬಟ್ಟೆಯಲ್ಲಿ. ಮಗು ತಪ್ಪಿಸಿಕೊಂಡಾಗ "ಯಾವ ಬಣ್ಣದ ಅಂಗಿ?" ಎಂದು ಕೇಳಿದರೆ ಗಾಬರಿಯಲ್ಲಿ ಹೊಳೆಯುವುದಿಲ್ಲ. ನೀರಿಗಿಳಿಯುವ ಬಟ್ಟೆ ತೊಟ್ಟ ಮೇಲೆ ಮತ್ತೊಂದು ತೆಗೆಯಿರಿ. ಮುಂಗೈಯ ಒಳಭಾಗದಲ್ಲಿ ಅಳಿಸದ ಮಾರ್ಕರಿನಿಂದ ಫೋನ್ ನಂಬರ್ ಬರೆಯಿರಿ. ಕಾಣೆಯಾದರೆ ಏನು ಮಾಡಬೇಕೆಂದು ಹೇಳಿಕೊಡಿ: ನಿಂತ ಜಾಗದಲ್ಲೇ ನಿಲ್ಲು, ಯೂನಿಫಾರ್ಮ್ ಹಾಕಿದ ಅಕ್ಕನನ್ನೋ ಅಣ್ಣನನ್ನೋ ಕೂಗು. ಆ ಯೂನಿಫಾರ್ಮ್ ಯಾವುದೆಂದು ಕೈ ತೋರಿಸಿ.

ಇಷ್ಟೆಲ್ಲ ಬರೆಯುತ್ತಿರುವವನ ಮಗಳು ಒಮ್ಮೆ ಏಳು ನಿಮಿಷ ಕಾಣೆಯಾಗಿದ್ದಳು. ನಾನು ಲಾಕರಿನ ಬೀಗ ತಿರುಗಿಸುತ್ತಿದ್ದೆ, ನನ್ನ ಹೆಂಡತಿ ಮಗನ ಸ್ಯಾಂಡಲ್ ಬಕಲ್ ಬಿಗಿಯುತ್ತಿದ್ದಳು. ತಲೆ ಎತ್ತಿ ಇಬ್ಬರೂ ಒಟ್ಟಿಗೇ ಕೇಳಿದೆವು: "ನಿನ್ನ ಹತ್ರ ಇಲ್ವಾ?" ಅವಳು ಪಕ್ಕದ ಐಸ್‌ಕ್ರೀಮ್ ಗಾಡಿಯ ಹಿಂದೆ ಕೂತು, ಇರುವೆ ಸಾಲು ಪಾಪ್‌ಕಾರ್ನ್ ಚೂರನ್ನು ಹೊತ್ತೊಯ್ಯುವುದನ್ನು ನೋಡುತ್ತಿದ್ದಳು. ಅಷ್ಟೊಂದು ಯಂತ್ರಗಳ ನಡುವೆ ಅವಳಿಗೆ ಹಿಡಿಸಿದ್ದು ಅದು! ಅಂದಿನಿಂದ ನಮ್ಮಲ್ಲೊಂದು ಕಟ್ಟಳೆ ಇದೆ. ಮಗುವನ್ನು ಒಬ್ಬರು ಇನ್ನೊಬ್ಬರಿಗೆ ಒಪ್ಪಿಸುವಾಗ "ಈಗ ನಿನ್ನ ಪಾಳಿ" ಎಂದು ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು "ಹೂಂ" ಅನ್ನಬೇಕು. ಕಣ್ಸನ್ನೆ ನಡೆಯುವುದಿಲ್ಲ.

ಮೊದಲು ಒಣ ಆಟ, ಆಮೇಲೆ ನೀರು

ಬೆಳಿಗ್ಗೆ ಮಕ್ಕಳ ಆಟಗಳಿಗೆ ಸರದಿ ಇರುವುದಿಲ್ಲ. ಒಂದೂವರೆ ಗಂಟೆಯಲ್ಲಿ ಐದಾರು ಮುಗಿಯುತ್ತವೆ. ಹನ್ನೆರಡಕ್ಕೇ ಊಟ ಮುಗಿಸಿ. ಒಂದು ಗಂಟೆಗೆ ಹೋದರೆ ಮೊಸರನ್ನದ ಸರದಿ ರೋಲರ್ ಕೋಸ್ಟರಿನದಕ್ಕಿಂತ ಉದ್ದ. ಊಟವಾದ ಮೇಲೆ ಮುಕ್ಕಾಲು ಗಂಟೆ ನೆರಳಲ್ಲಿ ಕೂರಿ, ತಿರುಗುವ ಆಟ ಬೇಡ. ಬಿಸಿಲು ಚೆನ್ನಾಗಿ ಕಾದಿರುವಾಗ, ಒಂದೂವರೆಯಿಂದ ಮೂರೂವರೆ, ನೀರಿಗೆ ಸರಿಯಾದ ಹೊತ್ತು. ನೀರಿನಿಂದ ಎದ್ದ ಮೇಲೆ ಮತ್ತೆ ಒಣ ಆಟಕ್ಕೆ ಎಳೆದೊಯ್ಯಬೇಡಿ.

ಹೆದರುವ ಮಗುವನ್ನು "ಪುಕ್ಕಲ" ಅನ್ನಬೇಡಿ. ಹೊರಗೆ ನಿಂತು ಆ ಆಟ ಎರಡು ಸುತ್ತು ನೋಡಲಿ. ಇಳಿದು ಬಂದವರ ಮುಖ ತೋರಿಸಿ. ಆಗಲೂ ಬೇಡ ಅಂದರೆ ಬೇಡ. ತೂಗುವ ಹಡಗಿನಂಥದ್ದಕ್ಕೆ ಹತ್ತಿದರೆ ನಡುವಿನ ಸಾಲು ಹಿಡಿಯಿರಿ. ಜೀಕು ಹೆಚ್ಚುವುದು ಎರಡು ತುದಿಗಳಲ್ಲಿ. ನಮ್ಮ ಮಗ ಗತ್ತಿನಿಂದ ತುದಿಯಲ್ಲಿ ಕೂತು, ಇಳಿದ ಮೇಲೆ ಬೆಳಗಿನ ಇಡ್ಲಿಯನ್ನು ವಾಪಸು ಕೊಟ್ಟ.

ನೀರಿನ ಹತ್ತಿರ ಫೋನ್ ಬೇಡ

ಇಲ್ಲಿ ಮಾತ್ರ ತಮಾಷೆ ಇಲ್ಲ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬೀಸಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದರೆ ಕೂಗಲು ಉಸಿರೇ ಇರುವುದಿಲ್ಲ. ಎಲ್ಲ ಸದ್ದಿಲ್ಲದೆ, ಕ್ಷಣಗಳಲ್ಲಿ ಮುಗಿಯುತ್ತದೆ. ಮೊಣಕಾಲುದ್ದದ ನೀರೂ ಅದಕ್ಕೆ ಸಾಕು. ಮಗು ಸದಾ ಕೈಗೆಟುಕುವಷ್ಟು ದೂರದಲ್ಲಿರಲಿ, ಫೋನು ಲಾಕರಿನಲ್ಲಿರಲಿ. ಲೈಫ್‌ಗಾರ್ಡ್ ಇದ್ದಾರೆಂದು ದಡದಲ್ಲಿ ಹರಟೆಗೆ ಕೂರಬೇಡಿ, ಅವರು ನೂರಾರು ತಲೆ ಎಣಿಸಬೇಕು. ತೋಳಿಗೆ ಕಟ್ಟುವ ಗಾಳಿಚೀಲ ಆಟಿಕೆ, ಲೈಫ್ ಜಾಕೆಟ್‌ಗೆ ಸಮವಲ್ಲ.

ಅಲೆಗಳ ಕೊಳದಲ್ಲಿ ಅಂಚಿನಲ್ಲೇ ಇರಿ. ಮಗುವಿನ ಬೆರಳು ಹಿಡಿಯಬೇಡಿ, ಒದ್ದೆಯಲ್ಲಿ ಜಾರುತ್ತದೆ, ಮಣಿಕಟ್ಟು ಹಿಡಿಯಿರಿ. ಪ್ರೀತಿಯಿಂದ ತೊಡೆಯ ಮೇಲೆ ಕೂರಿಸಿಕೊಂಡು ಜಾರುಬಂಡೆ ಇಳಿಯುವ ಅಭ್ಯಾಸವಂತೂ ಬಿಟ್ಟೇ ಬಿಡಿ. ಮಗುವಿನ ಪಾದ ಅಂಚಿಗೆ ತಗುಲಿ ನಿಂತರೂ ಹಿಂದಿನಿಂದ ನಿಮ್ಮ ಭಾರ ತಳ್ಳುತ್ತಲೇ ಇರುತ್ತದೆ, ಕಾಲಿನ ಮೂಳೆ ಮುರಿಯುವುದು ಹಾಗೆ.

ಚಿಕ್ಕ ಮೈ ಬಹುಬೇಗ ತಣ್ಣಗಾಗುತ್ತದೆ. ಅರ್ಧ ಗಂಟೆಗೊಮ್ಮೆ ಹೊರಗೆ ಕರೆದು ಒರೆಸಿ, ನೀರು ಕುಡಿಸಿ. ತುಟಿ ನೀಲಿಯಾಗಿದ್ದರೆ "ಇನ್ನೊಂದೇ ಒಂದ್ಸಲ ಅಪ್ಪಾ" ಅನ್ನುವುದಕ್ಕೆ ಕಿವಿಗೊಡಬೇಡಿ.

ಅಜ್ಜಿಯನ್ನು ಕಾವಲಿಗೆ ಕೂರಿಸಬೇಡಿ

ಮೊದಲ ಸಲ ನಮ್ಮಮ್ಮ ಇಡೀ ದಿನ ಬೆಂಚಿನ ಮೇಲೆ ಐದು ಚೀಲ ಕಾಯುತ್ತ ಕೂತಿದ್ದರು. ಟಿಕೆಟ್ ಅವರಿಗೂ ಕೊಟ್ಟಿದ್ದೆವು. ಲಾಕರ್ ಬಾಡಿಗೆ ಉಳಿಸಿದ ಆ ಜಾಣತನ ನೆನೆದರೆ ನಾಚಿಕೆಯಾಗುತ್ತದೆ. ಈಗ ಚೀಲ ಲಾಕರಿಗೆ. ಹೋದ ಸಲ ಬಿಡದಿಯ ರೇನ್ ಡಿಸ್ಕೋದಲ್ಲಿ ಬೆಚ್ಚಗಿನ ನೀರು ಮೇಲಿಂದ ಸುರಿಯುವಾಗ, "ನಂಗ್ಯಾಕಪ್ಪಾ ಇವೆಲ್ಲ" ಅನ್ನುತ್ತಲೇ ಒಳಗೆ ಬಂದವರು, ಮೊಮ್ಮಗಳ ಎರಡೂ ಕೈ ಹಿಡಿದು ಕೋಲಾಟದ ಹೆಜ್ಜೆ ಹಾಕಿದರು. ಹಾಡು ಯಾವುದೋ ಪಂಜಾಬಿ. ಹೆಜ್ಜೆ ತಪ್ಪಲಿಲ್ಲ.

ಹೊರಡುವ ಹೊತ್ತು

ಮುಚ್ಚುವುದಕ್ಕೆ ಒಂದು ಗಂಟೆ ಮೊದಲೇ ಹೊರಡಿ. ಬಟ್ಟೆ ಬದಲಿಸುವ ಕೋಣೆಯಲ್ಲಿ ಆಗ ಜಾಗವಿರುತ್ತದೆ, ಪಾರ್ಕಿಂಗಿನಲ್ಲಿ ಹಾರ್ನ್ ಇರುವುದಿಲ್ಲ. ಕ್ಲೋರಿನ್ ಹೋಗುವಂತೆ ತಲೆ, ಮೈ ಚೆನ್ನಾಗಿ ತೊಳೆಸಿ, ತಲೆ ವಾಲಿಸಿ ಕಿವಿಯ ನೀರು ಇಳಿಸಿ. ಎರಡು ದಿನದೊಳಗೆ ಕಿವಿ ನೋವೆಂದರೆ ಮನೆಮದ್ದಿನ ಎಣ್ಣೆ ಬಿಡದೆ ಡಾಕ್ಟರ ಹತ್ತಿರ ಹೋಗಿ. ಆಟಿಕೆ ಅಂಗಡಿ ಇರುವುದು ಬಹುತೇಕ ಹೊರಬಾಗಿಲ ಪಕ್ಕದಲ್ಲೇ, ಬೇಕೆಂದೇ ಅಲ್ಲಿ ಇಟ್ಟಿರುತ್ತಾರೆ. ಒಂದು ಮಗುವಿಗೆ ಒಂದೇ ವಸ್ತು, ಇಷ್ಟೇ ರೂಪಾಯಿ ಎಂದು ಬೆಳಿಗ್ಗೆ ಬರುವಾಗಲೇ ಮಾತಾಗಿರಲಿ.

ಕಾರು ಕೆಂಗೇರಿ ಮುಟ್ಟುವಷ್ಟರಲ್ಲಿ ಇಬ್ಬರೂ ನಿದ್ದೆ ಹೋಗಿರುತ್ತಾರೆ. ಎಬ್ಬಿಸಿ ಊಟ ಮಾಡಿಸುವ ಸಾಹಸ ಬೇಡ, ಬಿಡದಿಯಲ್ಲೇ ಏನಾದರೂ ತಿನ್ನಿಸಿಬಿಡಿ. ಮನೆ ಮುಟ್ಟಿದ ಮೇಲೆ ಎಷ್ಟೇ ಸುಸ್ತಾಗಿದ್ದರೂ ಒದ್ದೆ ಬಟ್ಟೆಯ ಕವರನ್ನು ಅದೇ ರಾತ್ರಿ ಡಿಕ್ಕಿಯಿಂದ ಹೊರಗೆ ತೆಗೆಯಿರಿ. ನಾವು ಹೋಗಿದ್ದು ಸೋಮವಾರ, ತೆಗೆದದ್ದು ಗುರುವಾರ.