ಎತ್ತರಿಸಿದ ಜೀಪು, ಬದಲಿಸಿದ ಸ್ಟೀರಿಂಗ್: ಕಾನೂನು ಏನು ಹೇಳುತ್ತದೆ?

ಜಿಮ್ನಿಯಂಥ ಫೋರ್‌ವೀಲ್ ಡ್ರೈವ್ ಗಾಡಿಗೆ ಲಿಫ್ಟ್ ಕಿಟ್ ಹಾಕಿಸಿ ದೊಡ್ಡ ಟೈರು ತೊಡಿಸಿದರೆ ಸ್ಟೀರಿಂಗ್‌ನ ಲೆಕ್ಕವೂ ಬದಲಾಗುತ್ತದೆ. ಮುಂದೆ ರಿಜಿಡ್ ಆಕ್ಸಲ್ ಇರುವ ಗಾಡಿಯನ್ನು ಎತ್ತರಿಸಿದಾಗ ಸ್ಟೀರಿಂಗ್ ಬಾಕ್ಸ್‌ನಿಂದ ಚಕ್ರದ ಕಡೆಗೆ ಇಳಿಯುವ ಡ್ರ್ಯಾಗ್ ಲಿಂಕ್ ಹೆಚ್ಚು ಓರೆಯಾಗುತ್ತದೆ; ಗುಂಡಿ ಹಾರಿದಾಗ ಚಾಲಕ ತಿರುಗಿಸದಿದ್ದರೂ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಟೈರಿನ ಭಾರಕ್ಕೆ ಟೈ ರಾಡ್ ಎಂಡ್‌ಗಳು ಬೇಗ ಸವೆಯುತ್ತವೆ. ಅದಕ್ಕೇ ದಪ್ಪ ಟೈ ರಾಡ್, ಬೇರೆ ಡ್ರಾಪ್ ಆರ್ಮ್, ಡ್ಯಾಂಪರ್ ಹಾಕಿಸುತ್ತಾರೆ. ತಾಂತ್ರಿಕವಾಗಿ ಇದು ಅಗತ್ಯವೇ. ಆದರೆ ಎರಡನೆಯ ಮಾರ್ಪಾಡು ಎಷ್ಟೇ ಅಗತ್ಯವಾದರೂ ಮೊದಲನೆಯದಕ್ಕೆ ಪರವಾನಗಿಯಾಗುವುದಿಲ್ಲ.

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ಮಾಲೀಕ ವಾಹನವನ್ನು ಬದಲಿಸಕೂಡದು. ವಾಹನದ ರಚನೆ ಬದಲಾಗಿ ಅದರ ಮೂಲ ಲಕ್ಷಣವೇ ಬದಲಾದರೆ ಅದು ಮಾರ್ಪಾಡು. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಡಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಸ್ಟೀರಿಂಗ್ ಸುಸ್ಥಿತಿಯಲ್ಲಿರಬೇಕೆಂದು ಕಾನೂನೇ ಹೇಳುತ್ತದಲ್ಲ ಎಂದು ಕೆಲವರು ಕೇಳಬಹುದು. ನಿಜ. ಕೇಂದ್ರ ಮೋಟಾರು ವಾಹನ ನಿಯಮ 98ರಂತೆ ಸ್ಟೀರಿಂಗ್ ಚಕ್ರದಲ್ಲಿ 30 ಡಿಗ್ರಿಗಿಂತ ಹೆಚ್ಚು ಆಟ ಇರಬಾರದು, ಬಾಲ್ ಜಾಯಿಂಟ್‌ಗಳಿಗೆ ರಬ್ಬರ್ ಕ್ಯಾಪ್ ಇರಬೇಕು. ಸವೆದ ಭಾಗದ ಜಾಗಕ್ಕೆ ಅದೇ ಅಳತೆಯ ಭಾಗ ಹಾಕುವುದು ದುರಸ್ತಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಗಾಡಿಯನ್ನು ಎತ್ತರಿಸಿ ಅದಕ್ಕೆ ಹೊಂದುವಂತೆ ಸ್ಟೀರಿಂಗ್ ರಚನೆಯನ್ನೇ ಬದಲಿಸುವುದು ದುರಸ್ತಿಯಲ್ಲ. ಎಸ್ಟೇಟ್ ಒಳಗಷ್ಟೇ ಓಡಿಸುತ್ತೇನೆ ಎಂಬ ವಾದ ಸಾರ್ವಜನಿಕರಿಗೆ ಪ್ರವೇಶದ ಹಕ್ಕಿಲ್ಲದ ಜಾಗಕ್ಕಷ್ಟೇ ಸಲ್ಲುತ್ತದೆ. ಗೇಟು ದಾಟಿ ಊರ ರಸ್ತೆಗೆ ಬಂದ ಜೀಪಿಗಲ್ಲ. ಸುರಕ್ಷಿತ ಬದಲಾವಣೆಯನ್ನೂ ಅಪಾಯಕಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ಆಕ್ಷೇಪದಲ್ಲಿ ಮಾತ್ರ ಹುರುಳಿದೆ. ರೆಟ್ರೋಫಿಟ್‌ಗೆ ಮಾನದಂಡ ಹಾಗೂ ಅನುಮೋದನೆಯ ಷರತ್ತು ರೂಪಿಸುವ ಅಧಿಕಾರವನ್ನು 2019ರ ತಿದ್ದುಪಡಿ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅದನ್ನು ಬಳಸಿರೆಂದು ಒತ್ತಾಯಿಸುವುದು ನಾಗರಿಕರ ಹಕ್ಕು. ಅಲ್ಲಿಯವರೆಗೆ ಎದುರಿನಿಂದ ಬರುವವರ ಜೀವದ ಮೇಲೆ ಪ್ರಯೋಗ ನಡೆಸುವ ಹಕ್ಕು ಯಾರಿಗೂ ಇಲ್ಲ.

ಆದ್ದರಿಂದ ಗ್ಯಾರೇಜಿಗೆ ಮುಂಗಡ ಕೊಡುವ ಮೊದಲೇ ಭಾಗಗಳ ವಿವರದೊಂದಿಗೆ ಆರ್‌ಟಿಒಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅನುಮತಿ ಸಿಕ್ಕರೆ, ಕೆಲಸ ಮುಗಿದ 14 ದಿನಗಳೊಳಗೆ ವರದಿ ಮಾಡಿ ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು. ನಿರಾಕರಿಸಿದರೆ ಆದೇಶ ಕೈಸೇರಿದ 30 ದಿನಗಳೊಳಗೆ 57ನೇ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ. ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ; ಮುಚ್ಚಿಟ್ಟ ಮಾರ್ಪಾಡು ನಿಮ್ಮ ಗಾಡಿಯ ನಷ್ಟದ ಕ್ಲೇಮಿಗೆ ಕುತ್ತು ತರಬಹುದು. ಗ್ಯಾರೇಜಿನಿಂದ ಭಾಗಗಳ ಹೆಸರಿರುವ ಬಿಲ್ ಪಡೆಯಿರಿ. ಜೋಡಣೆ ಕಳಪೆಯಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅಲ್ಲಿ ಆ ಬಿಲ್ಲೇ ನಿಮ್ಮ ಪ್ರಬಲ ಸಾಕ್ಷ್ಯ.