ಸಾಕಿದ ಗಿನಿಹಂದಿಯ ಕೂದಲುದುರುವಿಕೆ: ಕಾರಣ ಮತ್ತು ಚಿಕಿತ್ಸೆ

ಊರಿನಿಂದ ದೂರ ಬಂದು ನಾಗಪುರದಲ್ಲಿ ನೆಲಸಿರುವ ನಮ್ಮ ಕನ್ನಡ ಮನೆಗಳಲ್ಲಿ ಹಸು-ಕರುಗಳನ್ನು ಕಟ್ಟಲು ಹಿತ್ತಿಲಿಲ್ಲ. ಆದರೆ ಪ್ರಾಣಿಗಳ ಮೇಲೆ ಮಕ್ಕಳಿಗಿರುವ ಮಮತೆಗೆ ಕೊರತೆಯೂ ಇಲ್ಲ. ಆದುದರಿಂದಲೇ ಮಕ್ಕಳು ‘ಗಿನಿಪಿಗ್’ ಎಂದು ಕರೆಯುವ ಗಿನಿಹಂದಿಯು ಕೆಲವು ಮನೆಗಳ ಮೂಲೆಯ ಪಂಜರದಲ್ಲಿ ಸ್ಥಾನ ಪಡೆದಿದೆ. ಹೆಸರಿನಲ್ಲಿ ಹಂದಿಯಿದ್ದರೂ ಇದು ಇಲಿ, ಅಳಿಲುಗಳಂತೆ ದಂಶಕ ವರ್ಗದ ಸಾಧುಪ್ರಾಣಿ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರದೇಶದ ಜನರು ಇದನ್ನು ಸಾವಿರಾರು ವರ್ಷಗಳಿಂದ ಸಾಕುತ್ತ ಬಂದಿದ್ದಾರೆ.

ನಮ್ಮ ಮನೆಯಲ್ಲಿಯೂ ಒಂದು ಗಿನಿಹಂದಿಯಿತ್ತು. ಒಂದು ಬೇಸಿಗೆಯಲ್ಲಿ ಅದರ ಬೆನ್ನಿನ ಕೂದಲು ಉದುರತೊಡಗಿತು. “ಬಿಸಿಲಿನ ಕಾವಿಗೆ ಹೀಗಾಗಿದೆ, ಕೊಬ್ಬರಿ ಎಣ್ಣೆ ಹಚ್ಚಿರಿ” ಎಂದರು ಹಿರಿಯರು. ಎರಡು ವಾರ ಹಚ್ಚಿದೆವು. ಪ್ರಾಣಿಯು ದಿನೇ ದಿನೇ ಸೊರಗಿ, ಕೊನೆಗೆ ಮುಟ್ಟಿದರೆ ಚೀರಿ ಸೆಟೆದುಕೊಳ್ಳುವ ಸ್ಥಿತಿಗೆ ಬಂದಾಗ ಪಶುವೈದ್ಯರಲ್ಲಿಗೆ ಓಡಿದೆವು. ಅವರು ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಕಾವಲ್ಲ, ಕಜ್ಜಿಯ ನುಸಿ ಎಂದರು. ಪ್ರಾಣಿ ಉಳಿಯಿತು. ಆದರೆ ಆ ಎರಡು ವಾರಗಳ ಯಾತನೆ ನಮ್ಮ ಅಜ್ಞಾನದ ಫಲ. ಆ ತಪ್ಪು ಇತರರಿಂದ ಆಗದಿರಲೆಂದು ಈ ಲೇಖನ.

ಮೊದಲಿಗೆ ಒಂದು ಸಮಾಧಾನದ ಮಾತು. ಗಿನಿಹಂದಿಯ ಕಿವಿಗಳ ಹಿಂದೆ ಕೂದಲಿಲ್ಲದ ಚಿಕ್ಕ ಜಾಗವಿರುವುದು ಸಹಜ, ಅದು ರೋಗವಲ್ಲ. ಉಳಿದೆಡೆ ಕೂದಲುದುರಿದರೆ ಅದಕ್ಕೆ ಕಾರಣವಿದ್ದೇ ಇರುತ್ತದೆ.

ನುಸಿ ಮತ್ತು ಹೇನು: ಕಾರಣಗಳಲ್ಲಿ ಪ್ರಮುಖವಾದದ್ದು ಚರ್ಮದೊಳಗೆ ಬಿಲ ಕೊರೆಯುವ ನುಸಿ. ಇದು ಕಣ್ಣಿಗೆ ಕಾಣದು. ವಿಪರೀತ ತುರಿಕೆ, ಹೊಟ್ಟು, ಗಾಯ ಇದರ ಲಕ್ಷಣಗಳು. ತುರಿಕೆ ಮಿತಿಮೀರಿದಾಗ ಪ್ರಾಣಿಗೆ ಸೆಳವು ಬರುತ್ತದೆ; ಚಿಕಿತ್ಸೆಯಿಲ್ಲದಿದ್ದರೆ ಸಾವೂ ಸಂಭವಿಸಬಹುದು. ಐವರ್ಮೆಕ್ಟಿನ್ ಎಂಬ ಔಷಧಿ ಇದಕ್ಕೆ ಪರಿಣಾಮಕಾರಿ. ಅದು ಮೊಟ್ಟೆಗಳನ್ನು ಕೊಲ್ಲದ ಕಾರಣ ಒಂದೆರಡು ವಾರಗಳ ಅಂತರದಲ್ಲಿ ಮತ್ತೆ ಕೊಡಬೇಕಾಗುತ್ತದೆ. ದನಗಳಿಗೆಂದು ಮಾರುವ ಇದೇ ಔಷಧಿ ಬಹಳ ತೀಕ್ಷ್ಣವಾದದ್ದು. ಒಂದು ಕಿಲೋ ತೂಕದ ಈ ಪ್ರಾಣಿಗೆ ಅದರ ಒಂದು ಹನಿಯೂ ಹೆಚ್ಚಾದೀತು. ಆದ್ದರಿಂದ ತೂಕ ನೋಡಿ ವೈದ್ಯರೇ ಪ್ರಮಾಣ ನಿರ್ಧರಿಸಬೇಕು. ಜೊತೆಯಲ್ಲಿರುವ ಪ್ರಾಣಿಗಳಿಗೂ ಚಿಕಿತ್ಸೆ ಕೊಡಿಸಿ, ಪಂಜರದ ಹಾಸನ್ನು ಪೂರ್ತಿ ಬದಲಿಸಬೇಕು. ಹೇನುಗಳಾದರೋ ಕೂದಲ ನಡುವೆ ಹರಿದಾಡುವುದು ಕಣ್ಣಿಗೇ ಕಾಣುತ್ತದೆ.

ಹುಳುಕಡ್ಡಿ: ಇದು ಶಿಲೀಂಧ್ರದಿಂದ ಬರುವ ರೋಗ. ಸಾಮಾನ್ಯವಾಗಿ ಮೂಗು, ಕಣ್ಣು, ಕಿವಿಗಳ ಸುತ್ತ ಹೊಟ್ಟಿನಿಂದ ಕೂಡಿದ ಬೋಳು ಮಚ್ಚೆಗಳಾಗಿ ಆರಂಭವಾಗುತ್ತದೆ. ಇದು ಮಕ್ಕಳಿಗೂ ಅಂಟುತ್ತದೆ ಎಂಬುದನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು. ಮಗುವಿನ ತೋಳಿನಲ್ಲಿ ಉಂಗುರದಂತಹ ಕೆಂಪು ಮಚ್ಚೆ ಕಂಡರೆ ಮಗುವನ್ನೂ ಪ್ರಾಣಿಯನ್ನೂ ಅವರವರ ವೈದ್ಯರಿಗೆ ತೋರಿಸಬೇಕು. ಚಿಕಿತ್ಸೆ ಹಲವು ವಾರ ಹಿಡಿಯುತ್ತದೆ. ಕೂದಲು ಚಿಗುರಿತೆಂದು ನಡುವೆ ನಿಲ್ಲಿಸಬಾರದು.

ಅಂಡಾಶಯದ ನೀರುಗುಳ್ಳೆ: ವಯಸ್ಸಾದ ಹೆಣ್ಣು ಪ್ರಾಣಿಯ ಎರಡೂ ಪಕ್ಕೆಗಳಲ್ಲಿ ಸಮನಾಗಿ, ತುರಿಕೆಯಿಲ್ಲದೆ ಕೂದಲುದುರಿದರೆ ಈ ಸಂಶಯ ಪಡಬೇಕು. ಇದಕ್ಕೆ ಮುಲಾಮು ನಿರುಪಯೋಗಿ. ಶಸ್ತ್ರಚಿಕಿತ್ಸೆ ಅಥವಾ ಹಾರ್ಮೋನು ಚಿಕಿತ್ಸೆ ಬೇಕಾಗಬಹುದು. ಗರ್ಭದ ಕೊನೆಯ ದಿನಗಳಲ್ಲಿಯೂ ಕೂದಲು ತೆಳುವಾಗುವುದುಂಟು. ಅದು ಹೆರಿಗೆಯ ನಂತರ ತಾನಾಗಿ ಬೆಳೆಯುತ್ತದೆ. ಇಕ್ಕಟ್ಟಾದ ಪಂಜರದಲ್ಲಿ ಒಂದು ಇನ್ನೊಂದರ ಕೂದಲನ್ನು ಕಚ್ಚಿ ಕತ್ತರಿಸುವುದೂ ಉಂಟು. ಆಗ ಚರ್ಮ ಆರೋಗ್ಯವಾಗಿದ್ದು ಕೂದಲು ಮಾತ್ರ ಮೊಟಕಾಗಿರುತ್ತದೆ. ಸ್ಥಳವನ್ನೂ ಒಣಹುಲ್ಲನ್ನೂ ಹೆಚ್ಚಿಸುವುದೇ ಇದಕ್ಕೆ ಮದ್ದು.

ಆಹಾರದ ಕೊರತೆ: ಮನುಷ್ಯನಂತೆ ಗಿನಿಹಂದಿಯ ದೇಹವೂ ‘ಸಿ’ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳಲಾರದು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿಜ್ಞಾನಿಗಳು ಬರಿಯ ಧಾನ್ಯ ತಿಂದ ಗಿನಿಹಂದಿಗಳಿಗೆ ಸ್ಕರ್ವಿ ರೋಗ ಬರುವುದನ್ನು ತೋರಿಸಿದರು. ಮಾನವನ ಸ್ಕರ್ವಿಯ ಮರ್ಮ ತಿಳಿಯಲು ಆ ಪ್ರಯೋಗ ದಾರಿಯಾಯಿತು. ಈ ಜೀವಸತ್ವ ಕಡಿಮೆಯಾದರೆ ಕೂದಲು ಒರಟಾಗುತ್ತದೆ, ಕೀಲುಗಳು ಊದುತ್ತವೆ, ಗಾಯ ಮಾಯುವುದಿಲ್ಲ, ನುಸಿ-ಶಿಲೀಂಧ್ರಗಳು ಸುಲಭವಾಗಿ ಮೇಲುಗೈ ಪಡೆಯುತ್ತವೆ. ದಿನಕ್ಕೆ ಕಿಲೋ ತೂಕಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಗರ್ಭಿಣಿಗೆ ಇನ್ನೂ ಹೆಚ್ಚು. ಕಿತ್ತಳೆಯ ಊರಿನಲ್ಲಿರುವ ನಮಗೆ ಇದೇನು ದುರ್ಲಭವೆ? ಆದರೆ ಕಿತ್ತಳೆಯಲ್ಲಿ ಸಕ್ಕರೆಯಿರುವುದರಿಂದ ಅಪರೂಪಕ್ಕೆ ಒಂದು ತೊಳೆ ಸಾಕು. ದಿನನಿತ್ಯಕ್ಕೆ ದೊಣ್ಣೆ ಮೆಣಸಿನಕಾಯಿಯ ಹೋಳು, ಕೊತ್ತಂಬರಿ ಸೊಪ್ಪು ಉತ್ತಮ. ಎಲ್ಲಕ್ಕಿಂತ ಮುಖ್ಯವಾದದ್ದು ಸದಾ ದೊರೆಯುವ ಒಣಹುಲ್ಲು. ಕುಡಿಯುವ ನೀರಿನಲ್ಲಿ ಬೆರೆಸಿದ ‘ಸಿ’ ಜೀವಸತ್ವವು ಬೇಗ ನಾಶವಾಗುವುದರಿಂದ ಅದನ್ನು ನಂಬಬಾರದು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳುವುದು ಅವಶ್ಯ. ಗಾಯ ಕೀವಾಯಿತೆಂದು ಮನೆಯಲ್ಲಿ ಉಳಿದ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಮಾತ್ರೆಯನ್ನು ಎಂದಿಗೂ ಕೊಡಬೇಡಿ. ಅದು ಕರುಳಿನ ಉಪಯುಕ್ತ ಜೀವಾಣುಗಳನ್ನು ಕೊಂದು ಪ್ರಾಣಿಯನ್ನೇ ಕೊಲ್ಲಬಲ್ಲದು. ಚರ್ಮಕ್ಕೆ ಒಳ್ಳೆಯದೆಂದು ಬಿಸಿಲಿಗೂ ಇಡಬೇಡಿ. ಮೇ ತಿಂಗಳಿನಲ್ಲಿ 45 ಡಿಗ್ರಿ ಮುಟ್ಟುವ ನಮ್ಮ ನಾಗಪುರದ ಬಿಸಿಲು ಹಾಗಿರಲಿ, 30 ಡಿಗ್ರಿ ಮೀರಿದ ಸೆಕೆಯೇ ಈ ಪ್ರಾಣಿಗೆ ಅಪಾಯಕರ. ಪಂಜರವನ್ನು ತಂಪಾದ ಕೋಣೆಯಲ್ಲಿಡಿ. ಆದರೆ ಕೂಲರಿನ ತೇವದ ಗಾಳಿ ನೇರವಾಗಿ ಬೀಸದಿರಲಿ.

ನಮ್ಮ ನಗರದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಸೆಮಿನರಿ ಹಿಲ್ಸ್‌ನಲ್ಲಿದೆ. ಇಂತಹ ಊರಿನಲ್ಲಿದ್ದು ಊಹೆಯ ಮದ್ದು ಮಾಡುವುದು ಸಲ್ಲದು. ವಾರಕ್ಕೊಮ್ಮೆ ಪ್ರಾಣಿಯನ್ನು ತೂಗಿ ಬರೆದಿಡಲು, ಮುಟ್ಟಿದ ಬಳಿಕ ಕೈ ತೊಳೆಯಲು ಮಕ್ಕಳಿಗೆ ಕಲಿಸಿರಿ. ಕೂದಲುದುರಿದ್ದನ್ನು ಮೊದಲು ಕಾಣುವವರು ಅವರೇ. ಅವರು ಬಂದು ಹೇಳಿದಾಗ “ಆಮೇಲೆ ನೋಡೋಣ” ಎನ್ನದೆ ಎದ್ದು ಬಂದು ನೋಡಿರಿ. ಮೂಕಪ್ರಾಣಿಯ ನೋವಿಗೆ ಮಗುವೇ ಬಾಯಿ.